ಅಕ್ಕನ ರಕ್ತಕ್ಕೆ ನೆನಪಿದ್ದದ್ದು

ಆ ಪುಟ್ಟ ಗಾಜಿನ ಬಾಟಲಿಯ ರಬ್ಬರ್ ಮುಚ್ಚಳ ಕೆಂಪಗಿತ್ತೋ ಬೂದು ಬಣ್ಣದ್ದಾಗಿತ್ತೋ ನನಗೆ ಖಚಿತವಾಗಿ ಗೊತ್ತಿಲ್ಲ. ಕೆಂಪು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹಾಗೆ ಹೇಳಿ ಹೇಳಿಯೇ ಅದು ಕೆಂಪಾಗಿರಲೂಬಹುದು. ಹೆಬ್ಬೆರಳಿನಷ್ಟು ಎತ್ತರದ ಇಂಜೆಕ್ಷನ್ ಬಾಟಲಿ ಅದು. ಚಿಕ್ಕಜಾಲದ ನಮ್ಮ ಹಳೆಯ ಮನೆಗೆ ಕಾಂಪೌಂಡರೊಬ್ಬ ಸೈಕಲ್ಲಿನಲ್ಲಿ ಬರುತ್ತಿದ್ದ. ಬಾಟಲಿಯೊಳಗಿನ ಬಿಳಿ ಪುಡಿಗೆ ನೀರು ಸೇರಿಸಿ ಅಲ್ಲಾಡಿಸಿ, ಮೂಲೆಯ ಕೋಣೆಯಲ್ಲಿ ಮಲಗಿದ್ದ ಚಿಕ್ಕಪ್ಪನಿಗೆ ಸೂಜಿ ಚುಚ್ಚಿ, ಖಾಲಿಯಾದ ಬಾಟಲಿಯನ್ನು ಅಲ್ಲೇ ನಿಂತಿದ್ದ ಮಗುವಿನ ಅಂಗೈಯಲ್ಲಿಟ್ಟು ಹೋಗುತ್ತಿದ್ದ. ಮಗು ಅದರಲ್ಲಿ ಅರಿಶಿನದ ನೀರು ತುಂಬಿ ತನ್ನ ಆಟದ ಅಡುಗೆಮನೆಯ ಎಣ್ಣೆ ಎಂದು ಸಾಲಾಗಿ ಜೋಡಿಸಿಡುತ್ತಿತ್ತು. ಕೋಣೆಯ ಕಿಟಕಿ ಸದಾ ಮುಚ್ಚಿರುತ್ತಿತ್ತು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆಗಳಿರುತ್ತಿದ್ದವು, ಚಿಕ್ಕಪ್ಪ ಕೆಮ್ಮು ನಿಂತಾಗ ಒಂದು ಕಾಯಿ ನಡೆಸುತ್ತಿದ್ದ. ಆ ಮಗು ನಾನು.

ಇದನ್ನೆಲ್ಲ ಒಬ್ಬ ಕವಿಯೋ ಭಕ್ತನೋ ಹೇಳಿದ್ದರೆ ನೀವು ಸುಮ್ಮನೆ ತಲೆದೂಗುತ್ತಿದ್ದಿರಿ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡಿದವನು. ವಿಶ್ವವಿದ್ಯಾಲಯ ನನಗೆ ಕಲಿಸಿದ ವಿದ್ಯೆ ಒಂದೇ, ಅದು ಪುರಾವೆ ಎಲ್ಲಿ ಎಂದು ಕೇಳುವುದು. ಅದನ್ನು ಮದುವೆ ಮನೆಗಳಲ್ಲಿ, ಜ್ಯೋತಿಷಿಗಳ ಎದುರು, ಒಮ್ಮೆ ಹೆಂಡತಿಯ ತಲೆನೋವಿನ ವಿಚಾರದಲ್ಲೂ ಪ್ರಯೋಗಿಸಿ ತಕ್ಕ ಫಲ ಪಡೆದಿದ್ದೇನೆ. ಆದರೆ ಸ್ವಂತ ನೆನಪಿನ ಮೇಲೆ ಪ್ರಯೋಗಿಸುವ ಸಂದರ್ಭ ಬಂದಿರಲಿಲ್ಲ. ಅಕ್ಕನ ಬೆರಳುಗಳು ಊದಿಕೊಂಡಾಗ ಬಂತು.

ವಿಮಲಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಬಾಗಲಗುಂಟೆಯಲ್ಲಿ ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದಾಳೆ. ಎರಡು ವರ್ಷದ ಹಿಂದೆ ಅವಳ ಬೆರಳಿನ ಗೆಣ್ಣುಗಳು, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕಾಲು ಎಂದು ಒಂದೊಂದೇ ಕೀಲು ಬಿಸಿಯಾಗಿ, ಕೆಂಪಾಗಿ, ಮುಟ್ಟಿಸಿಕೊಳ್ಳದಂತಾದವು. ಬೆಳಿಗ್ಗೆ ಎದ್ದರೆ ಹತ್ತು ಗಂಟೆಯವರೆಗೆ ಮುಷ್ಟಿ ಮಡಚಲು ಆಗುವುದಿಲ್ಲ. ರುಮಟಾಯ್ಡ್ ಸಂಧಿವಾತ ಎಂದರು. ಮಾತ್ರೆಗಳಾದವು, ಅವು ಸಾಲದೆ ಸ್ಟೀರಾಯ್ಡ್ ಮಾತ್ರೆಗಳೂ ಆದವು. ಅಕ್ಕ ನೋವಿನ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಅವಳಿಗೆ ತಡೆಯಲಾಗದಿದ್ದದ್ದು ಬೇರೆಯೇ ಒಂದು. ಅವಳ ಜಡೆಯನ್ನು ಈಗ ಸೊಸೆ ಸುಮಾ ಹೆಣೆಯಬೇಕಾಗಿತ್ತು. ಅರವತ್ತು ದಾಟಿದ ಹೆಂಗಸು ಬೆಳಿಗ್ಗೆ ಬೆಳಿಗ್ಗೆ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕುಳಿತು, ಆಫೀಸಿಗೆ ಹೊರಟವಳ ಆತುರದ ಕೈಗೆ ತಲೆ ಒಪ್ಪಿಸುವುದೆಂದರೆ ಏನೆಂದು ನನಗೆ ತಿಳಿಯುವುದಿಲ್ಲ. ನನ್ನ ತಲೆಯಲ್ಲಿ ಹೆಣೆಯುವಂಥದ್ದು ಏನೂ ಉಳಿದಿಲ್ಲ.

ಈ ಊತದ ಹಿಂದೆ ಇರುವವರು ಸೈಟೊಕೈನ್‌ಗಳು. ಹೆಸರು ಕೇಳಿ ಹೆದರಬೇಡಿ. ನಮ್ಮ ಜೀವಕೋಶಗಳು ಒಂದಕ್ಕೊಂದು ಕಳುಹಿಸುವ ಸಂದೇಶಗಳು ಅವು, ಸಣ್ಣ ಸಣ್ಣ ಪ್ರೋಟೀನುಗಳು. ಬೆರಳಿಗೆ ಮುಳ್ಳು ಚುಚ್ಚಿದರೆ ಅಲ್ಲಿನ ಕೋಶಗಳು ಕೂಗು ಹಾಕುತ್ತವೆ. ರಕ್ತನಾಳ ಸಡಿಲವಾಗುತ್ತದೆ, ಬಿಳಿಯ ರಕ್ತಕಣಗಳು ಓಡಿಬರುತ್ತವೆ, ಜಾಗ ಬಿಸಿಯಾಗಿ ಊದಿಕೊಳ್ಳುತ್ತದೆ. ಇದೇ ಉರಿಯೂತ. ಕೆಲಸ ಮುಗಿದ ಮೇಲೆ ‘ಸಾಕು, ಮನೆಗೆ ಹೋಗಿ’ ಎಂದು ಹೇಳುವುದಕ್ಕೂ ಬೇರೆ ಸೈಟೊಕೈನ್‌ಗಳಿವೆ. ಇವಿಲ್ಲದಿದ್ದರೆ ಒಂದು ಗೀರು ಕೂಡ ಮಾಯುವುದು ಕಷ್ಟ. ಆರೋಗ್ಯವೆಂದರೆ ಈ ಕೂಗುಗಳು ಇಲ್ಲದಿರುವುದಲ್ಲ, ಅವು ಹೊತ್ತಿಗೆ ಸರಿಯಾಗಿ ಎದ್ದು ಹೊತ್ತಿಗೆ ಸರಿಯಾಗಿ ಅಡಗುವುದು.

ಅಡಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಯಲಹಂಕದ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪನ್ನು ನೋಡಬೇಕು. ಒಂದು ಭಾನುವಾರ ಯಾರೋ ‘ಪಾರ್ಕಿನ ಹತ್ತಿರ ಹಾವು ಇದೆಯಾ?’ ಎಂದು ಕೇಳಿದರು. ಅದು ಪ್ರಶ್ನೆ. ಎರಡನೆಯವರು ಅದನ್ನು ಸುದ್ದಿಯೆಂದು ಕಳುಹಿಸಿದರು. ಮೂರನೆಯವರು ಇಂಟರ್ನೆಟ್ಟಿನಿಂದ ಹೆಡೆಯೆತ್ತಿದ ಚಿತ್ರವೊಂದನ್ನು ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಹಾವು ಹಿಡಿಯುವವರು ಇಬ್ಬರು, ಒಬ್ಬರನ್ನೊಬ್ಬರು ಅರಿಯದವರು, ಎರಡು ಗೇಟುಗಳಲ್ಲಿ ಬಂದು ನಿಂತಿದ್ದರು. ಸಂಜೆಗೆ ಪಾರ್ಕಿನ ದಾಸವಾಳದ ಬೇಲಿಯನ್ನು ಬುಡಸಮೇತ ಕಡಿದಿದ್ದರು. ಹಾವು ಇರಲಿಲ್ಲ. ಮುಂದಿನ ವಾರವೂ ಗುಂಪಿನಲ್ಲಿ ಅದರ ಬಗ್ಗೆ ಚರ್ಚೆ ನಡೆಯುತ್ತಿತ್ತು. ಅಕ್ಕನ ಕೀಲುಗಳಲ್ಲಿ ನಡೆಯುತ್ತಿದ್ದದ್ದು ಹೆಚ್ಚುಕಡಿಮೆ ಇದೇ. ಶತ್ರು ಇಲ್ಲ, ಬೇಲಿ ಮಾತ್ರ ಹೋಗುತ್ತಿದೆ.

ಈ ಸಂದೇಶಗಳು ಕೀಲಿನಲ್ಲೇ ನಿಲ್ಲುವುದಿಲ್ಲ, ಮಿದುಳಿಗೂ ತಲುಪುತ್ತವೆ. ಜ್ವರ ಬಂದಾಗ ನಮಗೆ ಊಟ ಸೇರದೆ, ಯಾರ ಮಾತೂ ಬೇಡವಾಗಿ, ಗೋಡೆಯ ಕಡೆ ಮುಖಮಾಡಿ ಮಲಗಬೇಕೆನಿಸುವುದು ಇವುಗಳಿಂದಲೇ. ಅಕ್ಕನಿಗೆ ಎರಡು ವರ್ಷದಿಂದ ಹಾಗೆಯೇ ಅನಿಸುತ್ತಿತ್ತು. ಮಧ್ಯಾಹ್ನವೆಲ್ಲ ಮಲಗಿರುತ್ತಾಳೆ, ಎದ್ದರೆ ಸಿಡುಕುತ್ತಾಳೆ ಎಂದು ಮಗ ನನ್ನ ಹತ್ತಿರ ಹೇಳಿಕೊಂಡ. ಅದು ಸೈಟೊಕೈನ್‌ಗಳ ಕೆಲಸವಪ್ಪಾ ಎಂದು ನಾನು ಅರ್ಧ ಗಂಟೆ ವಿವರಿಸಿದೆ. ಪೂರ್ತಿ ಕೇಳಿ, “ಹಂಗಾದ್ರೆ ಮಾಮ, ಅಮ್ಮ ಮದುವೆಗೆ ಮುಂಚೆ ಸಿಡುಕ್ತಿರ್ಲಿಲ್ವಾ?” ಎಂದ. ಆ ವಿಷಯದಲ್ಲಿ ನನ್ನ ಬಳಿ ಹೋಲಿಕೆಗೆ ಮಾಹಿತಿ ಇತ್ತು, ಆದರೆ ಹೇಳಲಿಲ್ಲ.

ಇನ್ನು ಇಂಜೆಕ್ಷನ್ನೇ ದಾರಿ ಎಂದರು ಹೆಬ್ಬಾಳದ ಡಾಕ್ಟರಮ್ಮ. ಈ ಇಂಜೆಕ್ಷನ್ ಟಿಎನ್‌ಎಫ್ ಎಂಬ ಒಂದೇ ಒಂದು ಸೈಟೊಕೈನನ್ನು ಹಿಡಿದು ಕಟ್ಟಿಹಾಕುತ್ತದೆ. ಕೂಗುವವರ ಗುಂಪಿನಲ್ಲಿ ಅತಿ ಜೋರಿನವನ ಬಾಯಿ ಮುಚ್ಚಿಸಿದ ಹಾಗೆ. ಎದೆಯ ಎಕ್ಸ್‌ರೇ ತೆಗೆದಿದ್ದರು, ಶುಭ್ರವಾಗಿತ್ತು. ಕ್ಷಯಕ್ಕಾಗಿ ಮುಂಗೈ ಚರ್ಮದಲ್ಲಿ ಸಣ್ಣ ಸೂಜಿಯಿಂದ ಮಾಡುವ ಪರೀಕ್ಷೆಯೂ ಆಗಿತ್ತು, ಚರ್ಮ ಊದಿರಲಿಲ್ಲ. ಆ ದಿನವೇ ಮೊದಲ ಇಂಜೆಕ್ಷನ್ ಎಂದು ಅಕ್ಕ ಹೊಸ ಸೀರೆ ಉಟ್ಟು ಬಂದಿದ್ದಳು. ಡಾಕ್ಟರಮ್ಮ ಕಾಗದ ತುಂಬುತ್ತ, ತಲೆ ಎತ್ತದೆ ಕೇಳಿದರು.

“ಮನೇಲಿ ಯಾರಿಗಾದ್ರೂ ಟಿ.ಬಿ. ಆಗಿತ್ತಾ ಅಮ್ಮಾ? ಚಿಕ್ಕಂದಿನಲ್ಲಿ?”

“ಇಲ್ಲ ಮೇಡಂ. ನಮ್ ಮನೇಲಿ ಅಂಥದ್ದೆಲ್ಲ ಯಾರಿಗೂ ಇಲ್ಲ.”

“ಚಿಕ್ಕಪ್ಪಂಗೆ ಇತ್ತಲ್ಲಕ್ಕ,” ಎಂದೆ ನಾನು.

“ಚಿಕ್ಕಪ್ಪಂಗೆ ಎಲ್ಲೋ ಇತ್ತು? ಅವರಿಗೆ ಹರಕೆ ಇತ್ತು.”

ಡಾಕ್ಟರಮ್ಮ ತಲೆ ಎತ್ತಿದರು. ಅಕ್ಕ ವಿವರಿಸಿದಳು. “ದೇವರಿಗೆ ಹರಕೆ ಹೊತ್ತಿದ್ರು ಮೇಡಂ. ಅದಕ್ಕೇ ತಟ್ಟೆ ಬೇರೆ, ಲೋಟ ಬೇರೆ, ಮಲಗೋ ಕೋಣೆ ಬೇರೆ. ಒಂದೂವರೆ ವರ್ಷ ಅಷ್ಟು ನಿಷ್ಠೆಯಿಂದ ಇದ್ರು.”

“ಹರಕೆ ಹೊತ್ತೋರಿಗೆ ದಿನಾ ಇಂಜೆಕ್ಷನ್ ಯಾಕಕ್ಕ ಕೊಡ್ತಾರೆ? ಕಾಂಪೌಂಡರ್ ಸೈಕಲ್ಲಲ್ಲಿ ಬರ್ತಿದ್ನಲ್ಲ. ಖಾಲಿ ಬಾಟ್ಲಿ ನಂಗೆ ಕೊಡ್ತಿದ್ದ, ಕೆಂಪು ಮುಚ್ಚಳದ್ದು.”

“ನಿಂಗೆ? ನಿಂಗೆಲ್ಲೋ ಕೊಟ್ಟ? ನಂಗೆ ಕೊಡ್ತಿದ್ದಿದ್ದು. ಆ ಬಾಟ್ಲಿಗಳೆಲ್ಲ ನಂದು ಕಣೋ. ಇಪ್ಪತ್ತೋ ಮೂವತ್ತೋ ಇದ್ವು ನನ್ ಹತ್ರ.”

“ಅಮ್ಮಾ,” ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ನೀವು ಆ ಕೋಣೆ ಒಳಗೆ ಹೋಗ್ತಿದ್ರಾ?”

“ದಿನಾ ಹೋಗ್ತಿದ್ದೆ ಮೇಡಂ, ಚೌಕಾಬಾರ ಆಡೋಕೆ. ಕಿಟಕಿ ಎಲ್ಲ ಹಾಕಿರೋರು, ಒಳಗೆ ಬೆಚ್ಚಗಿರೋದು,” ಎಂದು ಅಕ್ಕ ಹೆಮ್ಮೆಯಿಂದಲೇ ಹೇಳಿದಳು. ಆಮೇಲೆ ನನ್ನ ಮುಖ ನೋಡಿದಳು, ಡಾಕ್ಟರಮ್ಮನ ಮುಖ ನೋಡಿದಳು, ತನ್ನ ಸೀರೆಯ ಸೆರಗು ನೋಡಿಕೊಂಡಳು.

ಹರಕೆಯ ವಿಷಯ ಹೇಳಬೇಕು. ನಮ್ಮ ಕಡೆಯ ಮನೆಗಳಲ್ಲಿ ಆಗ ಕ್ಷಯವೆಂಬ ಮಾತು ಹೊರಗೆ ಬಿದ್ದರೆ ಆ ಮನೆಯ ಹೆಣ್ಣುಮಕ್ಕಳಿಗೆ ಗಂಡು ಬರುತ್ತಿರಲಿಲ್ಲ. ಮದುವೆಗಿದ್ದ ಅತ್ತೆಯರು ಮೂವರು. ಹಾಗಾಗಿ ಚಿಕ್ಕಪ್ಪ ಹರಕೆ ಹೊತ್ತ. ಹರಕೆಯವನಿಗೆ ಪಾತ್ರೆ ಬೇರೆ ಇರುವುದು, ಅವನು ಯಾರ ಜೊತೆಯೂ ಕೂತು ಉಣ್ಣದಿರುವುದು ಎಲ್ಲರೂ ಒಪ್ಪುವ ಸಂಗತಿ. ಅಜ್ಜಿ ಆ ತಟ್ಟೆ ಲೋಟಗಳನ್ನು ಬೇರೆ ಬೂದಿಯಲ್ಲಿ ಬೆಳಗಿ ಬೇರೆ ಗೂಡಿನಲ್ಲಿಡುತ್ತಿದ್ದಳು. ಇಷ್ಟೆಲ್ಲ ಎಚ್ಚರ ವಹಿಸಿದ ಮನೆಯವರು, ಶೀತವಾದೀತೆಂದು ಕೋಣೆಯ ಕಿಟಕಿಯನ್ನು ಮಾತ್ರ ಬಿಗಿಯಾಗಿ ಮುಚ್ಚಿ, ಬೇಸರವಾದೀತೆಂದು ಮಗುವನ್ನು ಆಟಕ್ಕೆ ಒಳಗೆ ಕಳುಹಿಸುತ್ತಿದ್ದರು. ಕ್ಷಯ ಹರಡುವುದು ಲೋಟದಿಂದಲ್ಲ, ಗಾಳಿಯಿಂದ. ಅವರು ಪ್ರೀತಿಯಿಂದ ಮಾಡಿದ್ದು ತಪ್ಪಾಗಿತ್ತು, ಭಯದಿಂದ ಮಾಡಿದ್ದು ವ್ಯರ್ಥವಾಗಿತ್ತು. ಯಾರಿಗೂ ಯಾವುದೂ ಗೊತ್ತಿರಲಿಲ್ಲ.

ಡಾಕ್ಟರಮ್ಮನಿಗೆ ಇದೆಲ್ಲ ಯಾಕೆ ಬೇಕು ಎಂದರೆ, ಕ್ಷಯದ ಬ್ಯಾಕ್ಟೀರಿಯಾ ಒಮ್ಮೆ ಒಳಗೆ ಹೋದರೆ ಎಷ್ಟೋ ಜನರಲ್ಲಿ ಸಾಯುವುದೂ ಇಲ್ಲ, ಕಾಡುವುದೂ ಇಲ್ಲ. ದೇಹದ ಕೋಶಗಳು ಅದರ ಸುತ್ತ ಕೋಟೆ ಕಟ್ಟಿಕೊಂಡು ವರ್ಷಗಟ್ಟಲೆ, ದಶಕಗಟ್ಟಲೆ ಕಾವಲು ಕೂರುತ್ತವೆ. ಆ ಕಾವಲುಗಾರರನ್ನು ಅಲ್ಲೇ ಕೂರಿಸಿರುವ ಸಂದೇಶಗಳಲ್ಲಿ ಮುಖ್ಯವಾದದ್ದು ಯಾವುದು ಗೊತ್ತೇ? ಅದೇ ಟಿಎನ್‌ಎಫ್. ಅಕ್ಕನ ಬೆರಳನ್ನು ಊದಿಸಿ ಜಡೆ ಕಸಿದುಕೊಂಡ ಪುಂಡನೇ, ಅವಳ ಎದೆಯೊಳಗೆ ಒಂದು ಹಳೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿರಲೂಬಹುದು. ಕಟ್ಟಿಹಾಕಿದರೆ ಎರಡೂ ಕಡೆ ಕಟ್ಟಿಹಾಕಿದಂತೆ. ಬೆರಳಿನ ಊತ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ, ಹಾಗೆ ಹೊರಬಿದ್ದ ಕ್ಷಯ ಮೈಯೆಲ್ಲ ಹರಡಿ ಜೀವಕ್ಕೇ ಬಂದದ್ದುಂಟು.

“ಆದ್ರೆ ಕೈ ಮೇಲಿನ ಟೆಸ್ಟು ಸರಿ ಇತ್ತಲ್ಲ ಮೇಡಂ?” ಅಕ್ಕ ಕೇಳಿದಳು.

“ಅದು ಊದಬೇಕಾದ್ರೂ ಇದೇ ಉರಿಯೂತ ಬೇಕಮ್ಮ. ನೀವು ಸ್ಟೀರಾಯ್ಡ್ ತಗೊಳ್ತಿದೀರ, ಅದು ಅಡಗಿಸಿಬಿಟ್ಟಿರುತ್ತೆ. ಸುಮ್ಮನಿದೆ ಅಂದ್ರೆ ಏನೂ ಇಲ್ಲ ಅಂತಲ್ಲ. ಒಂದು ರಕ್ತ ಪರೀಕ್ಷೆ ಮಾಡೋಣ. ಇಂಜೆಕ್ಷನ್ ಆಮೇಲೆ.”

ಅಕ್ಕನನ್ನು ಕಾರಿನಲ್ಲಿ ಬಾಗಲಗುಂಟೆಗೆ ಕರೆದುಕೊಂಡು ಹೊರಟೆ. ಯಶವಂತಪುರ ದಾಟುವಾಗ ಮಾರ್ಕೆಟ್ಟಿನಿಂದ ಹೊರಬರುತ್ತಿದ್ದ ಈರುಳ್ಳಿ ಲಾರಿಯ ಹಿಂದೆ ನಿಂತಾಗ ಶುರುಮಾಡಿದಳು.

“ಬಾಟ್ಲಿ ವಿಷಯ ಹೇಳ್ಲೇಬೇಕಿತ್ತೇನೋ?”

“ಕೇಳಿದ್ರಲ್ಲಕ್ಕ.”

“ನನ್ನ ಕೇಳಿದ್ರು. ನಿನ್ನ ಯಾರು ಕೇಳಿದ್ರು? ಎಲ್ಲದಕ್ಕೂ ಪುರಾವೆ ಪುರಾವೆ ಅಂತೀಯಲ್ಲ, ಇದಕ್ಕೆಲ್ಲಿದೆ ಪುರಾವೆ? ಹರಕೆ ಅಂತ ಮನೆಯೋರೆಲ್ಲ ಹೇಳಿದ್ದು ಸುಳ್ಳು, ನೀನೊಬ್ಬ ಹೇಳಿದ್ದು ನಿಜ.” ಕಿಟಕಿಯ ಕಡೆ ತಿರುಗಿ ಹೇಳಿದಳು: “ಎಂಟು ತಿಂಗಳಾಯ್ತು ನನ್ ಜಡೆ ನಾನು ಹಾಕ್ಕೊಂಡು. ಇವತ್ತು ಅದೊಂದು ಮುಗೀತದೆ ಅನ್ಕೊಂಡಿದ್ದೆ.”

ಅವಳು ಕೇಳಿದ್ದು ನಾನೇ ಕಲಿಸುವ ಪ್ರಶ್ನೆ. ನನ್ನ ನೆನಪು ಸುಳ್ಳಾಗಿದ್ದರೆ, ಐವತ್ತು ವರ್ಷದ ಹಿಂದಿನ ಒಂದು ಬಾಟಲಿಯ ಮುಚ್ಚಳಕ್ಕಾಗಿ ಅಕ್ಕನ ನೋವನ್ನು ನಾನು ಮುಂದಕ್ಕೆ ಹಾಕಿದ್ದೆ.

ಆ ರಕ್ತ ಪರೀಕ್ಷೆಯ ಕ್ರಮ ನನಗೆ ಮೊದಲಿನಿಂದಲೂ ಇಷ್ಟ. ರಕ್ತವನ್ನು ನಳಿಕೆಗೆ ಹಾಕಿ, ಅದಕ್ಕೆ ಕ್ಷಯದ ಬ್ಯಾಕ್ಟೀರಿಯಾದ ಒಂದೆರಡು ಪ್ರೋಟೀನ್ ತುಣುಕುಗಳನ್ನು ತೋರಿಸುತ್ತಾರೆ, ಪೊಲೀಸರು ಸಾಕ್ಷಿಗೆ ಫೋಟೊ ತೋರಿಸುವ ಹಾಗೆ. ರಕ್ತದ ಕೋಶಗಳು ಎಂದೋ ಅದನ್ನು ಕಂಡಿದ್ದರೆ ಗುರುತು ಹಿಡಿದು ಒಂದು ಕೂಗು ಹಾಕುತ್ತವೆ. ಆ ಕೂಗೂ ಒಂದು ಸೈಟೊಕೈನೇ. ಇಂಟರ್‌ಫೆರಾನ್ ಗಾಮಾ ಎಂದು ಹೆಸರು. ಅದೆಷ್ಟಿದೆ ಎಂದು ಅಳೆಯುತ್ತಾರೆ, ಅಷ್ಟೇ. ಮೈ ಮರೆತಿದೆಯೋ ಇಲ್ಲವೋ ಎಂದು ಮೈಯನ್ನೇ ಕೇಳುವ ವಿಧಾನ. ಅದೂ ನೂರಕ್ಕೆ ನೂರು ನಂಬುವಂಥದ್ದಲ್ಲ, ಆದರೆ ನನ್ನಷ್ಟು ಮಾತಾಡುವುದಿಲ್ಲ.

ಅಕ್ಕನ ರಕ್ತ ಗುರುತು ಹಿಡಿಯಿತು. ಪಾಸಿಟಿವ್.

ಇದರಿಂದ ಚಿಕ್ಕಪ್ಪನ ಕೋಣೆ ಸಾಬೀತಾಗುವುದಿಲ್ಲ. ನಮ್ಮ ದೇಶದಲ್ಲಿ ಬಸ್ಸಿನಲ್ಲಿ, ಟೆಂಟ್ ಸಿನಿಮಾದಲ್ಲಿ, ಶಾಲೆಯ ಬೆಂಚಿನಲ್ಲಿ ಯಾರಿಂದ ಬೇಕಾದರೂ ಬಂದಿರಬಹುದು. ಇದನ್ನು ನಾನು ಅಕ್ಕನಿಗೂ ಹೇಳಿದೆ. ನಿದ್ದೆಯಲ್ಲಿರುವ ಕ್ಷಯ, ಯಾರಿಗೂ ಅಂಟುವುದಿಲ್ಲ, ಕೆಲವು ತಿಂಗಳು ಮಾತ್ರೆ ತೆಗೆದುಕೊಳ್ಳಬೇಕು, ಮೊದಲ ತಿಂಗಳು ಕಳೆದ ಮೇಲೆ ಇಂಜೆಕ್ಷನ್ ಶುರುಮಾಡಬಹುದು ಎಂದು ಡಾಕ್ಟರಮ್ಮ ಹೇಳಿದ್ದನ್ನೂ ಎರಡೆರಡು ಸಲ ಹೇಳಿದೆ. ಅಕ್ಕ ಹೂಂ ಹೂಂ ಎಂದಳು. ಮುಂದಿನ ಭಾನುವಾರ ನಾನು ಬಾಗಲಗುಂಟೆಗೆ ಹೋದಾಗ ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ಬೇರೆಯಾಗಿ ಬೋರಲು ಮಲಗಿದ್ದವು. ಎದುರುಮನೆಯ ಹೆಂಗಸು ಬಾಗಿಲಲ್ಲಿ ನಿಂತು, “ಯಾಕ್ರೀ ವಿಮಲಮ್ಮ, ಒಬ್ರೇ ಊಟ ಮಾಡ್ತಿದೀರಂತೆ?” ಎಂದು ವಿಚಾರಿಸುತ್ತಿದ್ದಳು.

“ಹರಕೆ ಕಣ್ರೀ,” ಎಂದಳು ಅಕ್ಕ.

ಅಡುಗೆಮನೆಯಿಂದ ಸುಮಾ ಬಂದಳು. ಅವಳು ಅತ್ತೆಯ ಜಡೆಯನ್ನು ಬಿಗಿಯಾಗಿ ಎಳೆದು ಹೆಣೆಯುತ್ತಾಳೆ ಎಂಬ ದೂರನ್ನು ನಾನು ತಿಂಗಳುಗಳಿಂದ ಕೇಳಿದ್ದೆ. ಕಟ್ಟೆಯ ಮೇಲಿನ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು, ಅದರ ತುಂಬ ಕಾಫಿ ಬಗ್ಗಿಸಿಕೊಂಡು ಬಂದಳು, ಅತ್ತೆಯ ಎದುರಿಗೇ ಕುಳಿತು ಗುಟುಕು ಗುಟುಕಾಗಿ ಕುಡಿದಳು. “ನಂದೂ ಹರಕೆ ಅತ್ತೆ,” ಎಂದಳು. “ನಾಳೆಯಿಂದ ಎಲ್ರ ಜೊತೆ ಕೂತ್ಕೊಂಡು ತಿನ್ನಿ. ಕಿಟಕಿ ಬೇಕಾದ್ರೆ ತೆಗೆದಿಡ್ತೀನಿ.”

ಮಾತ್ರೆಯ ಆ ತಿಂಗಳು ಅಕ್ಕನ ಪಾಲಿಗೆ ಉದ್ದವಾಗಿತ್ತು. ಬೆರಳುಗಳು ಇನ್ನೂ ಬಿಗಿದವು, ಯಕೃತ್ತಿನ ಪರೀಕ್ಷೆ ಎಂದು ರಕ್ತ ಕೊಡಬೇಕಾಯಿತು, ನನ್ನನ್ನು ಕಂಡರೆ ‘ಬಂದ್ರು ಸಾಕ್ಷಿದಾರರು’ ಎನ್ನುತ್ತಿದ್ದಳು. ಆಮೇಲೆ ಇಂಜೆಕ್ಷನ್ ಶುರುವಾಯಿತು. ಎರಡನೆಯದಾದ ಮೇಲೆ ಬೆಳಗಿನ ಬಿಗಿತ ಹತ್ತರಿಂದ ಎಂಟೂವರೆಗೆ ಇಳಿಯಿತು. ಮೂರನೆಯದಾದ ಮೇಲೆ ಒಂದು ಬೆಳಿಗ್ಗೆ ಫೋನ್ ಮಾಡಿ, ಜಡೆ ತಾನೇ ಹಾಕಿಕೊಂಡೆನೆಂದೂ ಸೊಟ್ಟಗಿದೆಯೆಂದೂ ಹೇಳಿದಳು. ಕೆಮ್ಮಿಲ್ಲ, ಜ್ವರವಿಲ್ಲ. ಬಾಗಿಲು ಮುಚ್ಚಿಯೇ ಇದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಷ್ಟರಲ್ಲಿ ನಾನೂ ನನ್ನ ರಕ್ತವನ್ನು ಅದೇ ಪರೀಕ್ಷೆಗೆ ಕೊಟ್ಟಿದ್ದೆ. ಅದೇ ಕೋಣೆಯ ಅದೇ ಗಾಳಿ ಕುಡಿದವನಲ್ಲವೇ? ಫಲಿತಾಂಶ ನೆಗೆಟಿವ್. ನನ್ನ ರಕ್ತಕ್ಕೆ ಏನೂ ನೆನಪಿರಲಿಲ್ಲ. ಇದರಿಂದಲೂ ಏನೂ ಸಾಬೀತಾಗುವುದಿಲ್ಲ. ಒಂದೇ ಕೋಣೆಯಲ್ಲಿದ್ದವರಿಗೆಲ್ಲ ಅಂಟಲೇಬೇಕೆಂದಿಲ್ಲ. ಆದರೂ ‘ನಿಂಗೆಲ್ಲೋ ಕೊಟ್ಟ?’ ಎಂದು ಅಕ್ಕ ಕೇಳಿದ್ದು ತಲೆಯಲ್ಲಿ ಕೊರೆಯತೊಡಗಿತು. ಚಿಕ್ಕಜಾಲಕ್ಕೆ ಹೋಗಿ ಚಿಕ್ಕಮ್ಮನನ್ನು ಕೇಳಿದೆ. ಚಿಕ್ಕಪ್ಪ ಗುಣವಾಗಿ, ಮದುವೆಯಾಗಿ, ಎಪ್ಪತ್ತರವರೆಗೆ ಬದುಕಿ ಹೋದವನು. ಚಿಕ್ಕಮ್ಮನಿಗೆ ಈಗ ಕಿವಿ ಮಂದ, ಬಾಯಿ ಚುರುಕು.

“ಅರಕೆ ಅಂದ್ರು. ನಾನೂ ಊಂ ಅಂದೆ,” ಎಂದಳು. “ಯಾವ ದ್ಯಾವ್ರಿಗೆ ಅಂತ ಕೇಳುದ್ರೆ ಒಬ್ಬೊಬ್ರು ಒಂದೊಂದ್ ದ್ಯಾವ್ರ ಎಸ್ರು ಏಳೋರು ಕಣಪ್ಪ. ಮದ್ವೆ ಆಗಿ ಆರ್ ತಿಂಗ್ಳಿಗೆ ಟ್ರಂಕಿನಾಗೆ ಆಸ್ಪತ್ರೆ ಕಾರ್ಡು ಸಿಕ್ತು. ಓದಕ್ ಬರ್ದಿದ್ರೇನು, ಎದೆ ಚಿತ್ರ ಬರ್ದಿತ್ತಲ್ಲ.”

“ಕೇಳಲಿಲ್ವಾ ಚಿಕ್ಕಮ್ಮ, ಚಿಕ್ಕಪ್ಪನ್ನ?”

“ಕೇಳಿ? ಚೆನ್ನಾಗವ್ರಲ್ಲ, ಬುಡು ಅಂತ ಅಂಗೇ ಮಡುಗ್ದೆ.”

“ಆಗ ನಾನು ಅವರ ಕೋಣೆಗೆ ಹೋಗಿ ಚೌಕಾಬಾರ ಆಡ್ತಿದ್ದೆ, ಅಲ್ವಾ?”

“ನೀನಾ? ನಾನು ಈ ಮನೆಗ್ ಬಂದಾಗ ನೀನು ನಿಮ್ಮವ್ವನ ಸೊಂಟದ್ ಮ್ಯಾಲೆ ಕುಂತಿದ್ದೆ. ನಿಮ್ ಚಿಕ್ಕಪ್ಪ ಆಗ್ಲೇ ಒಲ ಉಳ್ತಿದ್ರು.” ಎದ್ದು ಹೋಗಿ ಟ್ರಂಕಿನಿಂದ ಕಾರ್ಡು ತಂದು ಕೊಟ್ಟಳು.

ವಿಮಲಕ್ಕನನ್ನು ಕೇಳಿದಾಗ ಅವಳು ನಕ್ಕಳು. ನಾನು ಊಟ ಮಾಡದೆ ಹಟ ಹಿಡಿಯುತ್ತಿದ್ದ ಕಾಲದಲ್ಲಿ ಅವಳೇ ತುತ್ತಿಗೊಂದರಂತೆ ಬಾಟಲಿ, ಸೈಕಲ್ಲು, ಕಾಂಪೌಂಡರ್, ಮುಚ್ಚಿದ ಕಿಟಕಿ ಎಂದು ಕತೆ ಹೇಳುತ್ತಿದ್ದಳಂತೆ. ಆಮೇಲೆ ಅವಳಿಗೆ ಮನೆಯವರು ಹೇಳಿದ ಹರಕೆ ಉಳಿಯಿತು, ನನಗೆ ಅವಳು ಹೇಳಿದ ಕತೆ ಉಳಿಯಿತು. ಡಾಕ್ಟರಮ್ಮನ ಎದುರು ನಾನು ಹೇಳಿದ ಸಾಕ್ಷಿ ಅವಳದೇ. ನಾನು ಅದನ್ನು ಬರೀ ಇಟ್ಟುಕೊಂಡಿದ್ದವನು.

ಅಕ್ಕ ಹೇಳಿದ್ದನ್ನೂ ಚಿಕ್ಕಮ್ಮ ಹೇಳಿದ್ದನ್ನೂ ಹಾಗೆಯೇ ಒಪ್ಪಿಕೊಳ್ಳಲು ನನ್ನ ಅಭ್ಯಾಸ ಬಿಡಲಿಲ್ಲ. ನನ್ನ ಶಾಲೆಯ ದಾಖಲೆಯಲ್ಲಿರುವ ಜನ್ಮದಿನ ಹೆಡ್ಮಾಸ್ಟರು ಬರೆದುಕೊಂಡದ್ದು, ನೆಚ್ಚುವಂತಿಲ್ಲ. ಅದಕ್ಕಾಗಿ ತಾಲ್ಲೂಕು ಕಚೇರಿಗೆ ಮೂರು ಸಲ ಅಲೆದು ಜನನ ನೋಂದಣಿ ಪುಸ್ತಕದ ನಕಲು ತೆಗೆಸಿದೆ. ಅದನ್ನೂ ಆಸ್ಪತ್ರೆಯ ಕಾರ್ಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ. ಕಾರ್ಡಿನ ಕೊನೆಯ ಸಾಲಿನಲ್ಲಿ ಚಿಕಿತ್ಸೆ ಮುಗಿದಿದೆ, ಗುಣವಾಗಿದೆ ಎಂದು ಬರೆದು ಸಹಿ ಮಾಡಿದ್ದಾರೆ. ನಾನು ಹುಟ್ಟಿದ್ದು ಅದಾದ ಹನ್ನೊಂದು ತಿಂಗಳ ಮೇಲೆ.